ಹಳೆಯ ಆವೃತ್ತಿಗೆ ತಿದ್ದುಪಡಿ ನಮೂದು
ಮುಕ್ತ ತಂತ್ರಾಂಶದ ಮೂಲ ಸಂಕೇತವನ್ನು ಹಿಂಪಡೆದು ತೇಪೆ ಹಾಕುವ ಮುನ್ನ ವರ್ತಕರೂ ಉದ್ದಿಮೆದಾರರೂ ಅರಿಯಬೇಕಾದ ಸಂಗತಿಗಳು

ಕಿರ್ದಿ ಪುಸ್ತಕದಲ್ಲಿ ಒಮ್ಮೆ ಬರೆದ ನಮೂದನ್ನು ಕೆರೆದು ಅಳಿಸಬಾರದೆಂಬುದು ಲೆಕ್ಕಪತ್ರ ಕಲಿಯಲು ಬಂದವರಿಗೆ ಮೊದಲ ವಾರದಲ್ಲೇ ಹೇಳಿಕೊಡುವ ಪಾಠ. ತಪ್ಪು ಕಂಡುಬಂದರೆ ಅದನ್ನು ಇದ್ದಲ್ಲೇ ಬಿಟ್ಟು, ಕಂಡುಬಂದ ತಾರೀಖಿನಲ್ಲಿ ತಿದ್ದುಪಡಿ ನಮೂದನ್ನು ಬರೆದು, ಕಾರಣವನ್ನು ವಿವರಣೆಯಲ್ಲಿ ಕಾಣಿಸಬೇಕು. ಹೀಗೆ ಮಾಡಿದರೆ ಹತ್ತು ವರ್ಷಗಳ ನಂತರ ಪುಸ್ತಕ ತೆರೆದವನಿಗೂ ಏನು ತಪ್ಪಾಗಿತ್ತು, ಯಾರು, ಯಾವಾಗ, ಏಕೆ ಸರಿಪಡಿಸಿದರು ಎಂಬುದು ತಿಳಿಯುತ್ತದೆ. ಮುಕ್ತ ತಂತ್ರಾಂಶಗಳನ್ನು ಬರೆಯುವವರು ಲೆಕ್ಕಿಗರಿಂದ ಕಲಿಯದೆಯೇ ಇದೇ ಪದ್ಧತಿಗೆ ಬಂದು ನಿಂತಿದ್ದಾರೆ. ಅವರ ತಿದ್ದುಪಡಿ ನಮೂದಿಗೆ ‘ಪ್ಯಾಚ್’ ಎಂದು ಹೆಸರು. ಕನ್ನಡದಲ್ಲಿ ತೇಪೆ ಎನ್ನಬಹುದು.

ಈ ವಿಷಯ ತಂತ್ರಜ್ಞರಿಗೆ ಮಾತ್ರ ಸೇರಿದ್ದೆಂದು ವರ್ತಕರು ಪಕ್ಕಕ್ಕಿಡುವಂತಿಲ್ಲ. ಅಂಗಡಿಯ ಲೆಕ್ಕ, ಕಾರ್ಖಾನೆಯ ಯಂತ್ರ, ಗಿರಾಕಿಗೆ ಮಾರಿದ ಉಪಕರಣದೊಳಗಿನ ಪುಟ್ಟ ಫಲಕ, ಇವುಗಳಲ್ಲೆಲ್ಲ ಇಂದು ಯಾವುದಾದರೊಂದು ತಂತ್ರಾಂಶದ ಯಾವುದಾದರೊಂದು ಹಳೆಯ ಆವೃತ್ತಿ ಕೆಲಸ ಮಾಡುತ್ತಿರುತ್ತದೆ. ಒಂದು ದಿನ ಅದರಲ್ಲಿ ದೋಷವಿದೆಯೆಂಬ ಸುದ್ದಿ ಬರುತ್ತದೆ. ಮಾರಾಟಗಾರನ ಒಡೆತನದ ತಂತ್ರಾಂಶವಾದರೆ ಉತ್ತರ ಸಾಮಾನ್ಯವಾಗಿ ಒಂದೇ: ಹಳೆಯದಕ್ಕೆ ಬೆಂಬಲ ಮುಗಿದಿದೆ, ಹೊಸದನ್ನು ಕೊಳ್ಳಿರಿ, ಅದಕ್ಕೆ ಈ ಗಣಕ ಸಾಲದು, ಅದನ್ನೂ ಬದಲಿಸಿರಿ. ಮುಕ್ತ ತಂತ್ರಾಂಶದಲ್ಲಿ ಎರಡನೆಯ ದಾರಿಯೊಂದಿದೆ. ಬಳಸುತ್ತಿರುವ ಹಳೆಯ ಆವೃತ್ತಿಯ ಮೂಲ ಸಂಕೇತವನ್ನೇ, ಅಂದರೆ ಸೋರ್ಸ್ ಕೋಡನ್ನೇ ಹಿಂಪಡೆದು, ದೋಷವಿದ್ದ ಸಾಲುಗಳನ್ನಷ್ಟೇ ತಿದ್ದಿ, ಉಳಿದದ್ದನ್ನು ಮುಟ್ಟದೆ ಮುಂದುವರಿಯುವ ದಾರಿ. ಪರವಾನಗಿ ಈ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಹಕ್ಕನ್ನು ಚಲಾಯಿಸಲು ಬೇಕಾದ ದಾಖಲೆಗಳು ಎಷ್ಟು ಮಂದಿಯ ಬಳಿ ಇವೆ ಎಂಬುದು ಬೇರೆಯೇ ಪ್ರಶ್ನೆ.

ತೇಪೆಯ ರಚನೆ

ಎರಡು ಕಡತಗಳ ನಡುವಣ ವ್ಯತ್ಯಾಸವನ್ನು ಸಾಲು ಸಾಲಾಗಿ ಪಟ್ಟಿಮಾಡುವ ‘ಡಿಫ್’ ಎಂಬ ಉಪಕರಣ 1970ರ ದಶಕದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಯುನಿಕ್ಸ್ ವ್ಯವಸ್ಥೆಯ ಅಂಗವಾಗಿ ರೂಪುಗೊಂಡಿತು. 1985ರಲ್ಲಿ ಲ್ಯಾರಿ ವಾಲ್, ಮುಂದೆ ಪರ್ಲ್ ಭಾಷೆಯನ್ನು ರಚಿಸಿದವರು, ಆ ಪಟ್ಟಿಯನ್ನು ಓದಿಕೊಂಡು ಹಳೆಯ ಕಡತವನ್ನು ತಾನಾಗಿಯೇ ತಿದ್ದುವ ‘ಪ್ಯಾಚ್’ ಎಂಬ ಕ್ರಮವಿಧಿಯನ್ನು ಬರೆದು ಹಂಚಿದರು. ಇಡೀ ತಂತ್ರಾಂಶವನ್ನು ಮತ್ತೆ ಕಳುಹಿಸುವ ಬದಲು ವ್ಯತ್ಯಾಸವನ್ನಷ್ಟೇ ಕಳುಹಿಸಿದರೆ ಸಾಕೆಂಬ ಅನುಕೂಲ, ದೂರವಾಣಿ ತಂತಿಯ ಮೇಲೆ ನಿಧಾನವಾಗಿ ಮಾಹಿತಿ ಹರಿಯುತ್ತಿದ್ದ ಆ ಕಾಲದಲ್ಲಿ ಸಣ್ಣದಾಗಿರಲಿಲ್ಲ.

ತೇಪೆಯ ರೂಪ ಲೆಕ್ಕಿಗನಿಗೆ ಅಪರಿಚಿತವೆನಿಸದು. ತೆಗೆದುಹಾಕುವ ಸಾಲಿನ ಮುಂದೆ ಕಳೆಯುವ ಚಿಹ್ನೆ, ಸೇರಿಸುವ ಸಾಲಿನ ಮುಂದೆ ಕೂಡುವ ಚಿಹ್ನೆ. ಬದಲಾವಣೆಯ ಮೇಲೆ ಮೂರು, ಕೆಳಗೆ ಮೂರು ಸಾಲುಗಳನ್ನು ಗುರುತಿಗಾಗಿ ಹಾಗೆಯೇ ಕೊಟ್ಟಿರುತ್ತಾರೆ. ಹೊಸ ಆವೃತ್ತಿಯಲ್ಲಿ ದೋಷದ ಸಾಲು 412ನೆಯದಾಗಿದ್ದು ಹಳೆಯದರಲ್ಲಿ 388ನೆಯದಾಗಿದ್ದರೆ, ಪ್ಯಾಚ್ ಕ್ರಮವಿಧಿಯು ಸಂಖ್ಯೆಯನ್ನೇ ನೆಚ್ಚಿಕೊಳ್ಳದೆ ಈ ಅಕ್ಕಪಕ್ಕದ ಸಾಲುಗಳನ್ನು ಹುಡುಕಿ ಸರಿಯಾದ ಸ್ಥಳವನ್ನು ಕಂಡುಕೊಳ್ಳುತ್ತದೆ. ಸ್ಥಳ ಸಿಗದಿದ್ದರೆ ಆ ಭಾಗವನ್ನು ತಿರಸ್ಕರಿಸಿ ಪ್ರತ್ಯೇಕ ಕಡತದಲ್ಲಿ ಬರೆದಿಡುತ್ತದೆ. ಅದನ್ನು ತಿಳಿದವರು ಕೈಯಿಂದ ಸೇರಿಸಬೇಕು.

ತಿರಸ್ಕೃತವಾದ ತೇಪೆಗಿಂತ ಸಲೀಸಾಗಿ ಅಂಟಿಕೊಂಡ ತೇಪೆಯೇ ಕೆಲವೊಮ್ಮೆ ಹೆಚ್ಚು ಅಪಾಯಕಾರಿ. ತಾಳೆಪಟ್ಟಿಯ ಎರಡು ಬದಿಗಳು ಸಮವಾದ ಮಾತ್ರಕ್ಕೆ ಪ್ರತಿಯೊಂದು ಮೊತ್ತವೂ ಸರಿಯಾದ ಖಾತೆಗೆ ಹೋಗಿದೆಯೆಂದು ಯಾವ ಲೆಕ್ಕಪರಿಶೋಧಕನೂ ಒಪ್ಪುವುದಿಲ್ಲ. ಹಾಗೆಯೇ ಅಕ್ಷರಶಃ ಹೊಂದಿಕೊಂಡ ತೇಪೆ, ಹಳೆಯ ಆವೃತ್ತಿಯ ಬೇರೆ ಭಾಗಗಳೊಡನೆ ಅರ್ಥದಲ್ಲಿಯೂ ಹೊಂದಿಕೊಂಡಿದೆಯೇ ಎಂಬುದನ್ನು ಪರೀಕ್ಷೆಯೊಂದೇ ಹೇಳಬಲ್ಲದು.

ಇದಕ್ಕೆ ಡೆಬಿಯನ್ ಎಂಬ ಪ್ರಸಿದ್ಧ ಲಿನಕ್ಸ್ ವಿತರಣೆಯಲ್ಲಿ ನಡೆದ ಪ್ರಸಂಗಕ್ಕಿಂತ ದೊಡ್ಡ ಉದಾಹರಣೆ ಸಿಗಲಾರದು. ಜಾಲದ ವ್ಯವಹಾರಗಳಿಗೆ ಗೂಢಲಿಪಿಯ ರಕ್ಷಣೆ ಒದಗಿಸುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶವನ್ನು ಪರೀಕ್ಷಿಸುವಾಗ ಒಂದು ಉಪಕರಣ ಎಚ್ಚರಿಕೆಗಳನ್ನು ತೋರಿಸುತ್ತಿತ್ತು. 2006ರಲ್ಲಿ ಆ ಎಚ್ಚರಿಕೆಗಳನ್ನು ನಿಲ್ಲಿಸಲೆಂದು ಡೆಬಿಯನ್‌ನ ಪ್ರತಿಯಲ್ಲಿ ಮಾತ್ರ ಸಂಕೇತದ ಸಾಲುಗಳನ್ನು ತೆಗೆಯಲಾಯಿತು. ಹೀಗೆ ತೆಗೆದದ್ದರಲ್ಲಿ ಗೂಢಲಿಪಿಯ ಕೀಲಿಗಳಿಗೆ ಯಾದೃಚ್ಛಿಕತೆಯನ್ನು ತುಂಬುವ ಸಾಲೂ ಸೇರಿಹೋಯಿತು. ತಂತ್ರಾಂಶ ಎಂದಿನಂತೆ ಕೆಲಸ ಮಾಡಿತು, ಯಾರಿಗೂ ಅನುಮಾನ ಬರಲಿಲ್ಲ. 2008ರ ಮೇ ತಿಂಗಳಲ್ಲಿ ದೋಷ ಬಯಲಾದಾಗ, ಒಂದೊಂದು ಬಗೆಯ ಗಣಕದಲ್ಲಿ, ಒಂದೊಂದು ಅಳತೆಯ ಕೀಲಿಗೆ ಸಾಧ್ಯವಿದ್ದದ್ದು ಸುಮಾರು 32,768 ಭಿನ್ನ ಕೀಲಿಗಳಷ್ಟೇ ಎಂಬುದು ತಿಳಿಯಿತು. ಆ ಅವಧಿಯಲ್ಲಿ ತಯಾರಾದ ಕೀಲಿಗಳನ್ನೆಲ್ಲ ಎಸೆದು ಹೊಸದಾಗಿ ಮಾಡಿಕೊಳ್ಳಬೇಕಾಯಿತು. ತೇಪೆ ಹಾಕಿದವರು ಅನುಭವಿಗಳೇ, ಸದುದ್ದೇಶದವರೇ. ಆದರೆ ಅದು ಮೂಲ ಯೋಜನೆಯೊಳಗೆ ಸೇರದೆ, ಇಪ್ಪತ್ತು ತಿಂಗಳು ಪಕ್ಕದಲ್ಲಿಯೇ ಉಳಿದಿತ್ತು.

ಹಳೆಯ ಪ್ರತಿಯನ್ನು ಹುಡುಕುವುದು

ಹಿಂದಿನ ಆವೃತ್ತಿಗಳನ್ನು ಕಾಯ್ದಿಡುವ ವ್ಯವಸ್ಥೆಗಳಲ್ಲಿ ಇಂದು ಅತಿ ಹೆಚ್ಚು ಬಳಕೆಯಲ್ಲಿರುವುದು ಗಿಟ್. ಲಿನಕ್ಸ್ ಯೋಜನೆ ಬಳಸುತ್ತಿದ್ದ ಬಿಟ್‌ಕೀಪರ್ ಎಂಬ ಖಾಸಗಿ ಉಪಕರಣದ ಉಚಿತ ಬಳಕೆ ನಿಂತುಹೋದಾಗ, 2005ರ ಏಪ್ರಿಲ್‌ನಲ್ಲಿ ಲಿನಸ್ ಟೋರ್ವಾಲ್ಡ್ಸ್ ಅದನ್ನು ಆರಂಭಿಸಿದರು. ಗಿಟ್‌ನಲ್ಲಿ ಪ್ರತಿಯೊಂದು ಬದಲಾವಣೆಗೂ, ಅದರ ಒಳವಸ್ತುವಿನಿಂದಲೇ ಲೆಕ್ಕಹಾಕಿದ 40 ಅಕ್ಷರಗಳ ಗುರುತುಸಂಖ್ಯೆಯಿರುತ್ತದೆ. ಆ ಲೆಕ್ಕದೊಳಗೆ ಹಿಂದಿನ ಬದಲಾವಣೆಯ ಗುರುತುಸಂಖ್ಯೆಯೂ ಸೇರಿರುತ್ತದೆ. ನಡುವಣ ಒಂದು ವೋಚರನ್ನು ಯಾರಾದರೂ ಸದ್ದಿಲ್ಲದೆ ಬದಲಿಸಿದರೆ ಅಲ್ಲಿಂದ ಮುಂದಿನ ಎಲ್ಲ ವೋಚರುಗಳ ಸಂಖ್ಯೆಯೂ ಬದಲಾಗಿಬಿಡುವ ಕಿರ್ದಿಯನ್ನು ಊಹಿಸಿಕೊಂಡರೆ ಇದರ ಬೆಲೆ ತಿಳಿಯುತ್ತದೆ.

ಬಿಡುಗಡೆಯಾದ ಪ್ರತಿಯೊಂದು ಆವೃತ್ತಿಗೂ ಇದರೊಳಗೆ ಒಂದು ಹೆಸರಿನ ಚೀಟಿ ಅಂಟಿಸಿರುತ್ತಾರೆ. ಆ ಚೀಟಿಯ ಹೆಸರು ಹೇಳಿ ಕೇಳಿದರೆ ಹತ್ತು ವರ್ಷ ಹಿಂದಿನ ಸಂಕೇತ ಅಂದಿದ್ದಂತೆಯೇ ಎದುರಿಗೆ ಬರುತ್ತದೆ. ಅಲ್ಲಿಂದ ಪ್ರತ್ಯೇಕ ಕವಲು ತೆಗೆದು, ಹೊಸ ಆವೃತ್ತಿಯಲ್ಲಿ ದೋಷ ತಿದ್ದಿದ ಆ ಒಂದೇ ಬದಲಾವಣೆಯನ್ನು ಹೆಕ್ಕಿ ತಂದು ಸೇರಿಸಬಹುದು. ಈ ಕೆಲಸಕ್ಕೆ ‘ಚೆರ್ರಿ-ಪಿಕ್’ ಎಂದೇ ಆಜ್ಞೆಯಿದೆ. ಡೆಬಿಯನ್‌ನವರು ಸಿದ್ಧ ಪೊಟ್ಟಣಗಳನ್ನೂ ಅವುಗಳ ಮೂಲ ಸಂಕೇತವನ್ನೂ ತಾರೀಖಿನ ಕ್ರಮದಲ್ಲಿ ಕಾಯ್ದಿಟ್ಟ ಸ್ನ್ಯಾಪ್‌ಶಾಟ್ ಭಂಡಾರವೊಂದನ್ನು ನಡೆಸುತ್ತಾರೆ. ಇಂಥ ದಿನ ಈ ತಂತ್ರಾಂಶದ ಯಾವ ಪ್ರತಿ ಚಲಾವಣೆಯಲ್ಲಿತ್ತು ಎಂದು ಅಲ್ಲಿ ನೋಡಿ ತೆಗೆದುಕೊಳ್ಳಬಹುದು.

ಎಲ್ಲ ಭಂಡಾರಗಳೂ ಇಷ್ಟು ಕಾಲ ಬಾಳುವುದಿಲ್ಲ. ಸಾವಿರಾರು ಯೋಜನೆಗಳ ಮನೆಯಾಗಿದ್ದ ಗಿಟೋರಿಯಸ್ 2015ರಲ್ಲಿ ಮುಚ್ಚಿತು. ಗೂಗಲ್ ಕೋಡ್ 2016ರ ಜನವರಿಯಲ್ಲಿ ಸೇವೆ ನಿಲ್ಲಿಸಿತು. ಹೀಗೆ ನಾಶವಾಗುವ ಸಂಕೇತಗಳನ್ನು ಉಳಿಸಲೆಂದೇ ಫ್ರಾನ್ಸಿನ ಇನ್ರಿಯಾ ಸಂಶೋಧನಾ ಸಂಸ್ಥೆ 2016ರಲ್ಲಿ ಸಾಫ್ಟ್‌ವೇರ್ ಹೆರಿಟೇಜ್ ಎಂಬ ಜಾಗತಿಕ ಭಂಡಾರವನ್ನು ಪ್ರಕಟಿಸಿತು. ಮೇಲಿನ ಎರಡೂ ತಾಣಗಳ ಸಂಗ್ರಹ ಅಲ್ಲಿ ಸೇರಿದೆ. ಆದರೂ ತನ್ನ ವ್ಯವಹಾರ ನಿಂತಿರುವ ತಂತ್ರಾಂಶದ ಒಂದು ಪ್ರತಿಯನ್ನು ತನ್ನ ಬಳಿಯೇ ಇಟ್ಟುಕೊಳ್ಳುವುದಕ್ಕೆ ತಗಲುವುದು ಒಂದು ಸಣ್ಣ ಡ್ರೈವಿನ ಬೆಲೆಯಷ್ಟೇ.

ಹಿಂಪಡೆದ ಪ್ರತಿ ನಿಜವಾದದ್ದೇ ಎಂದು ತಾಳೆ ನೋಡುವುದೂ ಅಗತ್ಯ. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು, ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲು ಅಡಗಿರುವುದನ್ನು ಪ್ರಕಟಿಸಿದರು. ದೂರದ ಗಣಕಕ್ಕೆ ಪ್ರವೇಶಿಸಲು ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದ್ದುದೇ ಅವರಿಗೆ ಸಿಕ್ಕ ಸುಳಿವು. ಆ ಕಳ್ಳಬಾಗಿಲನ್ನು ಎಬ್ಬಿಸುವ ಸಾಲು ಎಲ್ಲರೂ ನೋಡಬಹುದಾಗಿದ್ದ ಗಿಟ್ ಭಂಡಾರದಲ್ಲಿ ಇರಲೇ ಇಲ್ಲ. ಬಿಡುಗಡೆಯೆಂದು ಕಟ್ಟಿಕೊಟ್ಟ ಪೊಟ್ಟಣದಲ್ಲಿ ಮಾತ್ರ ಇತ್ತು. ಖಾತಾವಹಿಯಲ್ಲಿಲ್ಲದ ಮೊತ್ತವೊಂದು ಅಢಾವೆ ಪತ್ರಿಕೆಯಲ್ಲಿ ಕಾಣಿಸಿಕೊಂಡಂತೆ. ವಿತರಣೆಗಳು ತರಾತುರಿಯಲ್ಲಿ ಹಳೆಯ ಆವೃತ್ತಿಗೆ ಹಿಂದಿರುಗಿದವು. ಆದರೆ ಅವುಗಳ ವ್ಯವಸ್ಥೆ ಯಾವಾಗಲೂ ಮೇಲಿನ ಸಂಖ್ಯೆಯನ್ನೇ ಹೊಸದೆಂದು ತಿಳಿಯುವುದರಿಂದ, ಹಳೆಯದನ್ನು ಹೊಸದಾಗಿ ತೋರಿಸಬೇಕಿತ್ತು. ಡೆಬಿಯನ್ ತನ್ನ ಪೊಟ್ಟಣಕ್ಕೆ ‘5.6.1+ರಿಯಲಿ5.4.5’ ಎಂದು ಹೆಸರಿಟ್ಟಿತು. ಹೆಸರಿಗೆ 5.6.1, ವಾಸ್ತವವಾಗಿ 5.4.5. ಇಷ್ಟು ಪ್ರಾಮಾಣಿಕವಾದ ಹೆಸರು ವ್ಯಾಪಾರದ ಸರಕಿನ ಮೇಲೆ ಅಪರೂಪ.

ಆವೃತ್ತಿಯ ಸಂಖ್ಯೆಯನ್ನು ನಂಬಬಹುದೇ?

2014ರ ಏಪ್ರಿಲ್ 7ರಂದು ಓಪನ್‌ಎಸ್‌ಎಸ್‌ಎಲ್‌ನ ‘ಹಾರ್ಟ್‌ಬ್ಲೀಡ್’ ದೋಷ ಜಗತ್ತಿಗೆ ತಿಳಿಯಿತು. ಎದುರು ಬದಿಯ ಗಣಕ ತಾನು ಕಳುಹಿಸಿದ್ದಕ್ಕಿಂತ ಹೆಚ್ಚಿನ ಉದ್ದವನ್ನು ಹೇಳಿಕೊಂಡು ಉತ್ತರ ಕೇಳಿದರೆ, ಪರೀಕ್ಷಿಸದೆ 64 ಕಿಲೋಬೈಟ್‌ಗಳವರೆಗೆ ತನ್ನ ಸ್ಮೃತಿಯಲ್ಲಿದ್ದುದನ್ನು ಹೊರಹಾಕುವ ದೋಷವದು. ಗುಪ್ತಪದಗಳು, ಕೀಲಿಗಳು, ಏನು ಬೇಕಾದರೂ ಅದರಲ್ಲಿರಬಹುದಿತ್ತು. 2012ರ ಮಾರ್ಚ್‌ನಲ್ಲಿ ಬಂದ 1.0.1ರಿಂದ 1.0.1ಎಫ್ ವರೆಗಿನ ಆವೃತ್ತಿಗಳಲ್ಲಿ ದೋಷವಿತ್ತು. ಅಂದೇ ಬಿಡುಗಡೆಯಾದ 1.0.1ಜಿ ಅದನ್ನು ಸರಿಪಡಿಸಿತು. ತಿದ್ದುಪಡಿಯ ತಿರುಳು, ಹೇಳಿಕೊಂಡ ಉದ್ದವೂ ಬಂದ ಉದ್ದವೂ ಹೊಂದುತ್ತವೆಯೇ ಎಂದು ತಾಳೆ ನೋಡುವ ಕೆಲವೇ ಸಾಲುಗಳು.

ಇಲ್ಲಿ ಎರಡು ಸಂಗತಿಗಳು ವರ್ತಕನಿಗೆ ಮುಖ್ಯ. ಮೊದಲನೆಯದಾಗಿ, ಹಳೆಯ 0.9.8 ಮತ್ತು 1.0.0 ಸರಣಿಗಳಲ್ಲಿದ್ದವರಿಗೆ ಈ ದೋಷ ತಟ್ಟಲೇ ಇಲ್ಲ; ದೋಷ ಬಂದದ್ದೇ ಹೊಸ ಸೌಲಭ್ಯದೊಡನೆ. ಹಳೆಯದೆಲ್ಲ ಅಪಾಯ, ಹೊಸದೆಲ್ಲ ಕ್ಷೇಮ ಎಂಬ ಮಾರಾಟಗಾರರ ಮಾತು ಎಲ್ಲ ಕಾಲಕ್ಕೂ ನಿಜವಲ್ಲ. ಎರಡನೆಯದಾಗಿ, ಡೆಬಿಯನ್ ಮತ್ತು ರೆಡ್‌ಹ್ಯಾಟ್ ತಮ್ಮ ಬಳಕೆದಾರರನ್ನು 1.0.1ಜಿಗೆ ಸಾಗಿಸಲಿಲ್ಲ. ತಾವು ಪರೀಕ್ಷಿಸಿ ಒಪ್ಪಿದ್ದ 1.0.1ಇ ಆವೃತ್ತಿಗೇ ಆ ಕೆಲವು ಸಾಲುಗಳ ತೇಪೆ ಹಾಕಿ, ಬಾಲದಲ್ಲಿ ಮಾತ್ರ ಗುರುತು ಬದಲಿಸಿದವು. ಡೆಬಿಯನ್‌ನಲ್ಲಿ ಅದು ‘1.0.1ಇ-2+ಡೆಬ್7ಯು5’ ಎಂದಾಯಿತು. ಮುಂದಿನ ಭಾಗವನ್ನಷ್ಟೇ ಓದುವ ಪರಿಶೀಲಕನಿಗೆ ಅದು ದೋಷಯುಕ್ತ. ಬಾಲವನ್ನೂ ಓದುವವನಿಗೆ ದೋಷಮುಕ್ತ. ಗ್ರಾಹಕ ಕಂಪನಿಯ ಭದ್ರತಾ ಪರಿಶೀಲನೆಯಲ್ಲಿ ‘ನಿಮ್ಮ ಆವೃತ್ತಿ ಹಳೆಯದು’ ಎಂಬ ಷರಾ ಬಂದಾಗ ಗಾಬರಿಯಿಂದ ಎಲ್ಲವನ್ನೂ ಬದಲಿಸಲು ಹೊರಡುವ ಮುನ್ನ, ವಿತರಕರು ಪೊಟ್ಟಣದೊಡನೆ ಕೊಡುವ ಬದಲಾವಣೆಯ ದಿನಚರಿಯಲ್ಲಿ ಆ ದೋಷದ ಸಂಖ್ಯೆ, ಈ ಪ್ರಸಂಗದಲ್ಲಿ ಸಿವಿಇ-2014-0160, ಇದೆಯೇ ಎಂದು ನೋಡಬೇಕು. ಇದ್ದರೆ ಆ ಪುಟದ ಪ್ರತಿಯೇ ಉತ್ತರ.

ಹೊತ್ತು ತಿರುಗುವ ಖರ್ಚು

ಹಳೆಯ ಆವೃತ್ತಿಗೆ ತೇಪೆ ಹಾಕಿದ ದಿನ ಖರ್ಚು ಮುಗಿಯಿತೆಂದು ಭಾವಿಸುವುದು ಸಾಮಾನ್ಯ ತಪ್ಪು. ಮೂಲ ಯೋಜನೆ ಮುಂದೆ ಸಾಗಿದಷ್ಟೂ ಅಂತರ ಬೆಳೆಯುತ್ತದೆ, ಮುಂದಿನ ತೇಪೆ ಇನ್ನಷ್ಟು ಕಷ್ಟವಾಗುತ್ತದೆ. ಇದು ಬಂಡವಾಳ ವೆಚ್ಚವಲ್ಲ, ವರ್ಷವರ್ಷವೂ ಬರುವ ನಿರ್ವಹಣಾ ವೆಚ್ಚ. ತಂತ್ರಾಂಶವನ್ನು ಮೊದಲಿದ್ದ ಸ್ಥಿತಿಯಲ್ಲೇ ಉಳಿಸಿಕೊಳ್ಳಲು ಮಾಡಿದ ವೆಚ್ಚವನ್ನು ಲೆಕ್ಕಪತ್ರ ಮಾನದಂಡ 26ರ ಪ್ರಕಾರವೂ ಆಯಾ ವರ್ಷದ ಲಾಭ-ನಷ್ಟಕ್ಕೇ ಹಾಕಬೇಕು. ಆಸ್ತಿಯ ಬೆಲೆಗೆ ಸೇರಿಸುವಂತಿಲ್ಲ.

ಕಾರ್ಖಾನೆಗಳಿಗೆ ಹತ್ತಿರದ ಉದಾಹರಣೆ ಲಿನಕ್ಸ್‌ಸಿಎನ್‌ಸಿ. ಲೇತು, ಮಿಲ್ಲಿಂಗ್ ಯಂತ್ರಗಳನ್ನು ಸಾಮಾನ್ಯ ಗಣಕದಿಂದ ನಡೆಸುವ ಈ ಮುಕ್ತ ತಂತ್ರಾಂಶದ ಬೇರು 1990ರ ದಶಕದಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ ನಿಸ್ಟ್ ನಡೆಸಿದ ಯೋಜನೆಯಲ್ಲಿದೆ. ಉಳಿ ಇಂತಿಷ್ಟು ಕ್ಷಣಕ್ಕೆ ಇಂತಿಷ್ಟು ದೂರ ಚಲಿಸಲೇಬೇಕಾದ್ದರಿಂದ ಸಾಮಾನ್ಯ ಲಿನಕ್ಸ್ ತಿರುಳು ಇದಕ್ಕೆ ಸಾಲದು. ಸಮಯಪಾಲನೆಯ ವಿಶೇಷ ತೇಪೆ ಹಾಕಿದ ತಿರುಳು ಬೇಕು. ಬಹುಕಾಲ ಇದು ಉಬುಂಟು 10.04ರ 2.6.32 ಎಂಬ ತಿರುಳಿನ ಮೇಲೆ ಆರ್‌ಟಿಎಐ ತೇಪೆಯೊಡನೆ ನಡೆಯಿತು. ಯಂತ್ರ ನೆಟ್ಟಗಿದೆ, ಅಳತೆ ತಪ್ಪುತ್ತಿಲ್ಲ, ತಿರುಳು ಬದಲಿಸಿದರೆ ಮತ್ತೆ ಎಲ್ಲವನ್ನೂ ಹೊಂದಿಸಬೇಕು. ಆದ್ದರಿಂದ ಮಾಲೀಕ ಮುಟ್ಟಲು ಹೆದರುವುದು ಸಹಜ. ಆ 2.6.32 ತಿರುಳಿನ ಅಧಿಕೃತ ನಿರ್ವಹಣೆ 2016ರ ಮಾರ್ಚ್‌ನಲ್ಲಿ ಕೊನೆಗೊಂಡಿತು. ಇಂಥ ಯಂತ್ರಕ್ಕೆ ತೇಪೆಗಿಂತ ಮೊದಲು ಮಾಡಬೇಕಾದದ್ದು ಅದನ್ನು ಅಂತರಜಾಲದಿಂದ ಬಿಡಿಸಿಡುವುದು. ಜಾಲಕ್ಕೆ ಸಿಗದ ಯಂತ್ರದ ಎಷ್ಟೋ ದೋಷಗಳು ಕಾಗದದ ಮೇಲಿನ ದೋಷಗಳಾಗಿಯೇ ಉಳಿಯುತ್ತವೆ.

ಸಮಯಪಾಲನೆಯ ಇನ್ನೊಂದು ತೇಪೆ ಪ್ರೀಎಂಪ್ಟ್-ಆರ್‌ಟಿಯ ಕಥೆ ಇನ್ನೂ ದೀರ್ಘವಾದದ್ದು. ಸುಮಾರು ಎರಡು ದಶಕಗಳ ಕಾಲ ಅದು ಲಿನಕ್ಸ್‌ನ ಹೊರಗೇ ಇತ್ತು. ಹೊಸ ತಿರುಳು ಬಂದಂತೆಲ್ಲ ತೇಪೆಯನ್ನು ಮತ್ತೆ ಹೊಂದಿಸುವ ಕೆಲಸ ನಡೆಯುತ್ತಲೇ ಇತ್ತು. ಕೊನೆಗೆ 2024ರ ನವೆಂಬರ್‌ನಲ್ಲಿ ಬಿಡುಗಡೆಯಾದ 6.12 ಆವೃತ್ತಿಯಲ್ಲಿ ಅದು ಲಿನಕ್ಸ್‌ನ ಅಂಗವೇ ಆಯಿತು. ಸ್ವಂತ ತೇಪೆಯನ್ನು ಗುಟ್ಟಾಗಿಟ್ಟುಕೊಳ್ಳುವುದರಲ್ಲಿ ವ್ಯಾಪಾರದ ಲಾಭವಿದೆಯೆಂದು ನಂಬುವವರು ಈ ಇಪ್ಪತ್ತು ವರ್ಷಗಳ ಕೂಲಿಯನ್ನು ಒಮ್ಮೆ ಲೆಕ್ಕಹಾಕಿ ನೋಡಬೇಕು. ತೇಪೆಯನ್ನು ಮೂಲ ಯೋಜನೆಗೆ ಒಪ್ಪಿಸಿ ಅದು ಅಲ್ಲಿ ಸೇರಿಬಿಟ್ಟರೆ ಹೊರುವ ಭಾರ ಬಹುಮಟ್ಟಿಗೆ ಇಳಿಯುತ್ತದೆ.

ಮೂಲ ಯೋಜನೆಯೇ ಹಳೆಯದನ್ನು ಕೈಬಿಟ್ಟಿದ್ದರೆ? ಜಾವಾ ತಂತ್ರಾಂಶಗಳ ದಿನಚರಿ ಬರೆಯುವ ಲಾಗ್4ಜೆಯ 1ನೆಯ ಸರಣಿಗೆ 2015ರ ಆಗಸ್ಟ್‌ನಲ್ಲೇ ಬೆಂಬಲ ನಿಂತಿತ್ತು; ಅದರ ಕೊನೆಯ ಆವೃತ್ತಿ 1.2.17 ಬಂದದ್ದು 2012ರಲ್ಲಿ. 2021ರ ಡಿಸೆಂಬರ್‌ನಲ್ಲಿ 2ನೆಯ ಸರಣಿಯ ಭಾರೀ ದೋಷ ಬಯಲಾಗಿ ಜಗತ್ತಿನ ಗಣಕ ವಿಭಾಗಗಳು ನಿದ್ದೆಗೆಟ್ಟಾಗ, ಹಳೆಯ ಸರಣಿ ಇನ್ನೂ ಎಷ್ಟೆಲ್ಲ ಕಡೆ ಬಳಕೆಯಲ್ಲಿದೆ ಎಂಬುದೂ ಬೆಳಕಿಗೆ ಬಂತು. ಆ ನಿರ್ದಿಷ್ಟ ದೋಷ ಅದರಲ್ಲಿರಲಿಲ್ಲ, ಬೇರೆ ದೋಷಗಳಿದ್ದವು. ಆಗ ಲಾಗ್4ಜೆಯ ಮೂಲ ಕರ್ತೃ ಚೆಕಿ ಗುಲ್ಚು ಅವರೇ ಹತ್ತು ವರ್ಷ ಹಳೆಯ 1.2.17ರ ಸಂಕೇತವನ್ನು ಹಿಂಪಡೆದು, ದೋಷಗಳನ್ನು ತಿದ್ದಿ, 2022ರ ಜನವರಿಯಲ್ಲಿ ರೀಲೋಡ್4ಜೆ ಎಂಬ ಹೆಸರಿನಲ್ಲಿ ಬಿಡುಗಡೆ ಮಾಡಿದರು. ಹಳೆಯ ಕಡತವನ್ನು ತೆಗೆದು ಅದೇ ಸ್ಥಾನದಲ್ಲಿ ಇದನ್ನಿಟ್ಟರೆ ಸಾಕಿತ್ತು. ತಂತ್ರಾಂಶದ ಉಳಿದ ಭಾಗವನ್ನು ಮುಟ್ಟಬೇಕಿರಲಿಲ್ಲ. ಮಾರಾಟಗಾರನ ಬೀಗದೊಳಗಿದ್ದ ಸಂಕೇತವಾಗಿದ್ದರೆ ಇದನ್ನು ಮೂಲ ಕರ್ತೃವೂ ಮಾಡುವಂತಿರಲಿಲ್ಲ.

ಈ ಭಾರವನ್ನು ಹಂಚಿಕೊಂಡು ಹೊರುವ ಕ್ರಮವೂ ಇದೆ. ವಿದ್ಯುತ್ ಸ್ಥಾವರ, ರೈಲ್ವೆ ಸಂಕೇತಗಳಂಥ ದೀರ್ಘಾಯುಷಿ ಯಂತ್ರಗಳನ್ನು ಮಾಡುವ ಸೀಮೆನ್ಸ್, ಹಿಟಾಚಿ, ತೋಷಿಬಾ ಮೊದಲಾದ ಸಂಸ್ಥೆಗಳು 2016ರಲ್ಲಿ ಲಿನಕ್ಸ್ ಪ್ರತಿಷ್ಠಾನದ ಆಶ್ರಯದಲ್ಲಿ ಒಂದುಗೂಡಿ, 4.4 ಎಂಬ ತಿರುಳನ್ನು ಹತ್ತು ವರ್ಷಕ್ಕೂ ಮೀರಿ ತೇಪೆ ಹಾಕಿ ನಿರ್ವಹಿಸಲು ಮುಂದಾದವು. ಪೈಪೋಟಿಯ ಕಂಪನಿಗಳಿಗೆ ಸಾಧ್ಯವಾದದ್ದು, ಒಂದೇ ಬಗೆಯ ನಿಯಂತ್ರಕ ಫಲಕ ಬಳಸುವ, ಒಂದೇ ಕೈಗಾರಿಕಾ ವಸಾಹತಿನ ಹತ್ತು ಸಣ್ಣ ಘಟಕಗಳಿಗೆ ಅಸಾಧ್ಯವಾಗಬೇಕಿಲ್ಲ. ಒಬ್ಬ ತಂತ್ರಜ್ಞನ ಸಂಬಳವನ್ನು ಹತ್ತು ಪಾಲು ಮಾಡಿದರೆ ಯಾರಿಗೂ ಹೊರೆಯಾಗದು.

ಮಾರುವವನ ಹೊಣೆ

ಇಲ್ಲಿಯವರೆಗೆ ಹೇಳಿದ್ದು ಬಳಸುವವನ ಹಕ್ಕು. ಲಿನಕ್ಸ್ ಇರುವ ಉಪಕರಣವನ್ನು ಮಾರುವವನಿಗೆ ಅದೇ ಪರವಾನಗಿ ಹೊಣೆಯಾಗಿ ತಿರುಗುತ್ತದೆ. ಜಿಪಿಎಲ್ ಪರವಾನಗಿಯ 2ನೆಯ ಆವೃತ್ತಿಯ ಪ್ರಕಾರ, ಉಪಕರಣದೊಡನೆ ಮೂಲ ಸಂಕೇತವನ್ನು ಕೊಡದಿದ್ದರೆ, ಕೇಳಿದವರಿಗೆ ಅದನ್ನು ಪ್ರತಿ ಮಾಡಿಕೊಡುವ ವೆಚ್ಚಕ್ಕೆ ಮೀರದ ಶುಲ್ಕಕ್ಕೆ ಒದಗಿಸುವುದಾಗಿ ಕನಿಷ್ಠ ಮೂರು ವರ್ಷಗಳ ಲಿಖಿತ ಭರವಸೆ ನೀಡಬೇಕು. ಕೊಡಬೇಕಾದದ್ದು ಇಂದಿನ ಹೊಸ ಸಂಕೇತವಲ್ಲ. ಅಂದು ಮಾರಿದ ಪೆಟ್ಟಿಗೆಯಲ್ಲಿದ್ದ ಅದೇ ಆವೃತ್ತಿ, ಹಾಕಿದ್ದ ತೇಪೆಗಳ ಸಮೇತ.

2003ರಲ್ಲಿ ಸಿಸ್ಕೋ ಕಂಪನಿ ಲಿಂಕ್‌ಸಿಸ್ ಸಂಸ್ಥೆಯನ್ನು 50 ಕೋಟಿ ಡಾಲರ್ ಮೌಲ್ಯಕ್ಕೆ ಕೊಂಡಿತು. ಅದರ ಡಬ್ಲ್ಯುಆರ್‌ಟಿ54ಜಿ ಎಂಬ ಜನಪ್ರಿಯ ರೌಟರಿನೊಳಗೆ ಲಿನಕ್ಸ್ ಇರುವುದು ಆ ವರ್ಷವೇ ಬಯಲಾಗಿ, ಒತ್ತಾಯದ ನಂತರ ಮೂಲ ಸಂಕೇತ ಪ್ರಕಟವಾಯಿತು. ಆ ಸಂಕೇತವನ್ನು ಹಿಡಿದೇ 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಯೋಜನೆ ಹುಟ್ಟಿತು. ತಯಾರಕರು ಬೆಂಬಲ ನಿಲ್ಲಿಸಿದ ಎಷ್ಟೋ ರೌಟರುಗಳು ಅದರಿಂದಾಗಿ ವರ್ಷಗಟ್ಟಲೆ ಹೆಚ್ಚು ಬಾಳಿದವು. ಇತರ ಉತ್ಪನ್ನಗಳ ಬಗ್ಗೆ ತಕರಾರು ಉಳಿದು, 2008ರ ಡಿಸೆಂಬರ್‌ನಲ್ಲಿ ಮುಕ್ತ ತಂತ್ರಾಂಶ ಪ್ರತಿಷ್ಠಾನ ಸಿಸ್ಕೋ ಮೇಲೆ ದಾವೆ ಹೂಡಿತು. 2009ರ ಮೇ ತಿಂಗಳಲ್ಲಿ ರಾಜಿಯಾಯಿತು.

ಹೊರದೇಶದ ಫಲಕವನ್ನು ಆಮದು ಮಾಡಿ, ತನ್ನ ಹೆಸರಿನ ಪೆಟ್ಟಿಗೆಯಲ್ಲಿಟ್ಟು ಮಾರುವ ಸಣ್ಣ ತಯಾರಕನ ಸ್ಥಿತಿ ಇದರಿಂದ ಸ್ಪಷ್ಟವಾಗುತ್ತದೆ. ಫಲಕ ಕೊಟ್ಟವನು ಸಂಕೇತ ಕೊಟ್ಟಿಲ್ಲವೆಂಬುದು ಗಿರಾಕಿಯ ಮುಂದೆ ಸಮಜಾಯಿಷಿಯಾಗದು. ಸಂಕೇತವನ್ನು ಕೇಳಬೇಕಾದದ್ದು ಖರೀದಿ ಆದೇಶದಲ್ಲಿ, ಹಣ ಪಾವತಿಗೆ ಮೊದಲು. ಹಣ ಕೈಸೇರಿದ ಮೇಲೆ ಸರಬರಾಜುದಾರನಿಗೆ ಉತ್ತರಿಸಲು ಪುರಸೊತ್ತಿರುವುದಿಲ್ಲ ಎಂಬುದು ಬೇರೆ ಸರಕುಗಳಲ್ಲೂ ಎಲ್ಲರಿಗೂ ಗೊತ್ತಿರುವ ವಿಷಯ. ಐರೋಪ್ಯ ಒಕ್ಕೂಟಕ್ಕೆ ರಫ್ತು ಮಾಡುವವರಿಗೆ ಮತ್ತೊಂದು ಕಾರಣವಿದೆ. ಅಲ್ಲಿನ ಸೈಬರ್ ರೆಸಿಲಿಯೆನ್ಸ್ ಕಾಯಿದೆ 2024ರ ಡಿಸೆಂಬರ್ 10ರಂದು ಜಾರಿಗೆ ಬಂದಿದ್ದು, ಅದರ ಮುಖ್ಯ ಹೊಣೆಗಳು 2027ರ ಡಿಸೆಂಬರ್ 11ರಿಂದ ಅನ್ವಯವಾಗುವಂತೆ ನಿಗದಿಯಾಗಿದೆ. ತಂತ್ರಾಂಶವಿರುವ ಸರಕಿನ ದೋಷಗಳನ್ನು ಬೆಂಬಲದ ಅವಧಿಯುದ್ದಕ್ಕೂ ತಯಾರಕ ನಿವಾರಿಸಬೇಕು. ಆ ಅವಧಿ ಸಾಮಾನ್ಯವಾಗಿ ಐದು ವರ್ಷಕ್ಕೆ ಕಡಿಮೆಯಿರುವಂತಿಲ್ಲ. ಮಾರಿದ ಆವೃತ್ತಿಯ ಸಂಕೇತವೇ ಕೈಯಲ್ಲಿಲ್ಲದವನು ಇದನ್ನು ಪಾಲಿಸುವ ಬಗೆ ಊಹೆಗೆ ನಿಲುಕದು.

ಲೆಕ್ಕದ ತಂತ್ರಾಂಶವನ್ನು ತಿದ್ದಿದಾಗ

ಲೆಕ್ಕ ಬರೆಯುವ ತಂತ್ರಾಂಶವೇ ಮುಕ್ತವಾಗಿದ್ದು, ಅದರ ಸಂಕೇತವನ್ನು ತಿದ್ದಿಸಿಕೊಂಡವರು ವಿಶೇಷ ಎಚ್ಚರ ವಹಿಸಬೇಕು. ಕಂಪನಿಗಳ ಕಾಯಿದೆಯ 128ನೆಯ ಕಲಮಿನಂತೆ ಲೆಕ್ಕಪುಸ್ತಕಗಳನ್ನು ಎಂಟು ಹಣಕಾಸು ವರ್ಷಗಳ ಕಾಲ ಕಾಯ್ದಿಡಬೇಕು. ಜಿಎಸ್‌ಟಿ ಕಾಯಿದೆಯಂತೆ ವಾರ್ಷಿಕ ವಿವರಪತ್ರದ ಗಡುವಿನಿಂದ 72 ತಿಂಗಳು. ಕಡತ ಉಳಿದಿದ್ದರೂ ಅದನ್ನು ತೆರೆಯಬಲ್ಲ ಹಳೆಯ ಆವೃತ್ತಿ ಇಲ್ಲವಾದರೆ ಪುಸ್ತಕ ಕಾಯ್ದಿಟ್ಟಂತಾಗದು. ಆದ್ದರಿಂದ ಆಯಾ ವರ್ಷದ ಲೆಕ್ಕದ ಪ್ರತಿಯೊಡನೆ ಆ ವರ್ಷ ಬಳಸಿದ ತಂತ್ರಾಂಶದ ಪ್ರತಿಯನ್ನೂ, ಮುಕ್ತ ತಂತ್ರಾಂಶವಾದರೆ ಸಂಕೇತವನ್ನೂ ಜೊತೆಗಿಡುವುದು ಯುಕ್ತ.

2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶದಲ್ಲಿ ಪ್ರತಿಯೊಂದು ಬದಲಾವಣೆಯ ಜಾಡು, ಅಂದರೆ ಆಡಿಟ್ ಟ್ರೇಲ್, ದಾಖಲಾಗುತ್ತಿರಬೇಕು. ಅದನ್ನು ಸ್ಥಗಿತಗೊಳಿಸಲು ಸಾಧ್ಯವಾಗುವಂತಿರಬಾರದು. ವರ್ಷವಿಡೀ ಅದು ಕೆಲಸ ಮಾಡಿತೇ, ಯಾರಾದರೂ ತಿರುಚಿದರೇ ಎಂಬ ಬಗ್ಗೆ ಲೆಕ್ಕಪರಿಶೋಧಕ ತನ್ನ ವರದಿಯಲ್ಲಿ ಹೇಳಬೇಕು. ಪಾಲುದಾರಿಕೆ ಸಂಸ್ಥೆ, ಏಕಮಾಲೀಕತ್ವದ ಅಂಗಡಿಗಳಿಗೆ ಈ ನಿಯಮ ಅನ್ವಯಿಸದಿದ್ದರೂ ಅವರು ನಿಶ್ಚಿಂತರಾಗುವಂತಿಲ್ಲ. ನಮೂದುಗಳನ್ನು ಅಳಿಸಬಾರದು, ಅವುಗಳ ಮೇಲೆ ಬರೆಯಬಾರದು, ಗಣಕದಲ್ಲಿ ಲೆಕ್ಕವಿಟ್ಟರೆ ತಿದ್ದಿದ ಅಥವಾ ತೆಗೆದ ಪ್ರತಿಯೊಂದು ನಮೂದಿನ ದಿನಚರಿಯಿರಬೇಕು ಎಂದು ಜಿಎಸ್‌ಟಿ ನಿಯಮಾವಳಿಯ 56ನೆಯ ನಿಯಮ ನೋಂದಾಯಿತ ವರ್ತಕರಿಗೆಲ್ಲ ಹೇಳುತ್ತದೆ. ಕಿರ್ದಿಯ ಹಳೆಯ ಪಾಠವೇ ಕಾಯಿದೆಯ ಭಾಷೆಯಲ್ಲಿ ಮರಳಿ ಬಂದಿದೆ.

ಮುಕ್ತ ತಂತ್ರಾಂಶದ ಮಾಲೀಕ ಇಲ್ಲೊಂದು ಇಕ್ಕಟ್ಟಿನಲ್ಲಿರುತ್ತಾನೆ. ಸಂಕೇತವನ್ನೇ ತಿದ್ದಬಲ್ಲವನು ಜಾಡು ದಾಖಲಿಸುವ ಸಾಲುಗಳನ್ನೂ ತೆಗೆಯಬಲ್ಲ. ತೆಗೆದಿಲ್ಲವೆಂದು ತೋರಿಸುವ ಹೊರೆ ಅವನದೇ. ಹಳೆಯ ಆವೃತ್ತಿಗೆ ಹಿಂದಿರುಗಿದರೆ ಜಾಡಿನ ಸೌಲಭ್ಯವಿರದ ಕಾಲಕ್ಕೇ ಹೋಗಿಬಿಡುವ ಸಂಭವವೂ ಉಂಟು. ಮೊಬಲಗು ತೋರಿಸುವ ಒಂದು ಸಣ್ಣ ದೋಷಕ್ಕೆಂದು ತಂತ್ರಜ್ಞ ಹಿಂದಿನ ಆವೃತ್ತಿಯನ್ನು ಮರುಸ್ಥಾಪಿಸಿ ಹೋದರೆ, ಆ ದಿನದಿಂದ ಜಾಡು ನಿಂತಿರುವುದು ಮಾರ್ಚ್ ಕಳೆದು ಪರಿಶೋಧನೆಗೆ ಕುಳಿತಾಗಲೇ ಗೊತ್ತಾದೀತು. ಅದಕ್ಕೆ ಹಿಂದಿನ ತಾರೀಖಿನಿಂದ ಪರಿಹಾರವಿಲ್ಲ. ಗಿಟ್‌ನಲ್ಲಿ ಮಾಡಿದ ಬದಲಾವಣೆಗಳ ಮುದ್ರಿತ ಪಟ್ಟಿ, ಮೂಲ ಯೋಜನೆಯ ಸಂಕೇತಕ್ಕೂ ತನ್ನ ಸಂಕೇತಕ್ಕೂ ಇರುವ ವ್ಯತ್ಯಾಸದ ಡಿಫ್, ಯಾವ ದಿನ ಯಾವುದನ್ನು ಚಾಲೂ ಮಾಡಲಾಯಿತೆಂಬ ಟಿಪ್ಪಣಿ, ಈ ಮೂರನ್ನು ಪರಿಶೋಧಕನ ಮುಂದಿಟ್ಟವನ ಕೆಲಸ ಒಂದು ಗಂಟೆಯಲ್ಲಿ ಮುಗಿಯುತ್ತದೆ.

ಭಾರತದ ಗಣಕ ತುರ್ತುಸ್ಪಂದನಾ ಸಂಸ್ಥೆ ಸರ್ಟ್-ಇನ್ 2024ರ ಅಕ್ಟೋಬರ್‌ನಲ್ಲಿ ತಂತ್ರಾಂಶದ ಘಟಕಗಳ ಪಟ್ಟಿಯನ್ನು ಹೇಗಿಡಬೇಕೆಂಬ ಮಾರ್ಗಸೂಚಿಯನ್ನು ಪ್ರಕಟಿಸಿದೆ. ದೊಡ್ಡ ಸಂಸ್ಥೆಗಳಿಗೆ ಅದಕ್ಕೆಂದೇ ಉಪಕರಣಗಳಿವೆ. ಸಣ್ಣ ವರ್ತಕನಿಗೆ ಮಾರ್ಚ್ ಕೊನೆಯ ದಾಸ್ತಾನು ಎಣಿಕೆಯ ಪುಸ್ತಕದಲ್ಲೇ ಇನ್ನೆರಡು ಪುಟ ಸಾಕು: ತಂತ್ರಾಂಶದ ಹೆಸರು, ಬಾಲದ ಅಕ್ಷರಗಳೂ ಸೇರಿದ ಪೂರ್ಣ ಆವೃತ್ತಿಸಂಖ್ಯೆ, ಎಲ್ಲಿಂದ ಪಡೆದದ್ದು, ಗಿಟ್‌ನ ಗುರುತುಸಂಖ್ಯೆ, ಹಾಕಿದ ತೇಪೆಗಳು, ಹಾಕಿದವನ ಹೆಸರು, ತಾರೀಖು, ಸಂಕೇತದ ಪ್ರತಿ ಇರುವ ಡ್ರೈವಿನ ಜಾಗ. ಇದನ್ನು ಗಣಕದಲ್ಲಿ ಮಾತ್ರ ಬರೆದಿಡಬಾರದು. ಗಣಕ ಏಳದ ದಿನವೇ ಈ ಪುಟಗಳನ್ನು ಹುಡುಕಬೇಕಾಗುತ್ತದೆ.